ಟ್ಯಾಲಿ ಇದ್ದ ಮೇಲೂ ಎಂಇಎಸ್ ಬೇಕಾ?

ನಮಸ್ಕಾರ ಸರ್. ಬಳ್ಳಾರಿಯಲ್ಲಿ 40 ಮಷಿನ್‌ನ ಜೀನ್ಸ್ ಯೂನಿಟ್ ಇದೆ, ಲೆಕ್ಕಕ್ಕೆ ಟ್ಯಾಲಿ ಇದೆ, ಅದರ ಮೇಲೆ ಎಂಇಎಸ್ (ಯೂನಿಟ್ ಒಳಗೆ ಮಾಲು, ಮಷಿನ್‌ಗಳ ಮೇಲೆ ಕಣ್ಣಿಡುವ) ಸಾಫ್ಟ್‌ವೇರ್ ಕೂಡ ಹಾಕಿಸಬೇಕಾ ಅಂತ ಕೇಳಿದ್ದೀರಿ. ನಾನೂ ಇಲ್ಲೇ ಒಂದು ಹೊಲಿಗೆ ಯೂನಿಟ್ ನೋಡಿಕೊಳ್ಳುತ್ತೇನೆ. ಹಾಕಿಸಿ, ಆದರೆ ಎಲ್ಲಾ ಒಂದೇ ಸಲಕ್ಕೆ ಬೇಡ.

ಎಷ್ಟು ಬಟ್ಟೆ ಬಂತು, ಎಷ್ಟು ಬಿಲ್ ಆಯಿತು ಅಂತ ಟ್ಯಾಲಿ ಹೇಳುತ್ತದೆ. 32 ಸೈಜಿನ ಬಂಡಲ್ ಈಗ ಯಾವ ಮಷಿನ್ ಹತ್ತಿರ ಕೂತಿದೆ ಅನ್ನೋದು ಅದಕ್ಕೆ ಗೊತ್ತಾಗಲ್ಲ. ಆ ಕೆಲಸ ಎಂಇಎಸ್‌ನದು.

ಕಟಿಂಗ್ ಟೇಬಲ್‌ನಿಂದ ಶುರು ಮಾಡಿ. ಪ್ರತಿ ಬಂಡಲ್‌ಗೂ ಬಾರ್‌ಕೋಡ್ ಚೀಟಿ ಕಟ್ಟಿ. ಅದರಲ್ಲಿ ಬಟ್ಟೆಯ ರೋಲ್ ನಂಬರ್ ಇರಲೇಬೇಕು. ನಮ್ಮಲ್ಲಿ ಒಮ್ಮೆ ಎರಡು ರೋಲ್‌ನ ತುಂಡುಗಳು ಬೆರೆತವು. ಹೊಲಿಯುವಾಗ ಎಲ್ಲವೂ ಒಂದೇ ನೀಲಿ. ವಾಷಿಂಗ್ ಆಗಿ ಬಂದರೆ ಎಡಗಾಲು ಒಂದು ಬಣ್ಣ, ಬಲಗಾಲು ಇನ್ನೊಂದು. ಮಾಸ್ಟರ್ ಆ ಪ್ಯಾಂಟ್ ಹಿಡಿದು ಬಿಸಿಲಲ್ಲಿ ನಿಂತದ್ದು ಇನ್ನೂ ಕಣ್ಣ ಮುಂದಿದೆ.

ಆಮೇಲೆ ಮಷಿನ್ ನಿಂತ ಕಾರಣ ದಾಖಲಿಸಿ: ಕರೆಂಟ್, ಸೂಜಿ, ದಾರ, ಮಾಲು ಬಂದಿಲ್ಲ. ನಾಲ್ಕೈದು ಬಟನ್ ಸಾಕು, ಜಾಸ್ತಿ ಇಟ್ಟರೆ ಯಾರೂ ಒತ್ತಲ್ಲ. 480 ನಿಮಿಷದ ಪಾಳಿಯಲ್ಲಿ 60 ನಿಮಿಷ ನಿಂತರೆ ಮಷಿನ್ ಕೆಲಸಕ್ಕೆ ಸಿಕ್ಕಿದ್ದು ಶೇ 87.5 ಸಮಯ ಮಾತ್ರ. ಅದನ್ನು ವೇಗ, ಗುಣಮಟ್ಟದ ಅಂಕಿಗಳ ಜೊತೆ ಗುಣಿಸಿದರೆ ಓಇಇ, ಅಂದರೆ ಮಷಿನ್‌ನ ಒಟ್ಟಾರೆ ದಕ್ಷತೆ ಬರುತ್ತದೆ.

ವಾಷಿಂಗ್ ಹೊರಗೆ ಮಾಡಿಸುತ್ತಿದ್ದರೆ ಹೋಗುವಾಗ, ಬರುವಾಗ ಎರಡೂ ಸಲ ಸ್ಕ್ಯಾನ್ ಆಗಲಿ. ಸ್ಕ್ರೀನ್ ಕನ್ನಡದಲ್ಲಿರಲಿ. ನೆಟ್ ಹೋದರೂ ಡೇಟಾ ಉಳಿಯಬೇಕು. ದುಡ್ಡು ಕೊಡುವ ಮುಂಚೆ, ಒಂದೇ ಲೈನ್‌ನಲ್ಲಿ ಒಂದು ತಿಂಗಳು ಓಡಿಸಿ ತೋರಿಸಿ ಅಂತ ಕೇಳಿ.