ಸಮ್ಮೇಳನಕ್ಕೆ ಊರು ನೋಡಲು ಬಂದವರು ಏನು ನೋಡುತ್ತಾರೆ?

ಪ್ರಶ್ನೆ: ಬೆಂಗಳೂರಿನಲ್ಲಿ ಐಐಎಸ್‌ಸಿ ಇದೆ, ದೊಡ್ಡ ವಿಮಾನ ನಿಲ್ದಾಣ ಇದೆ. ಆದರೂ 2010ರಲ್ಲಿ ಗಣಿತಜ್ಞರ ವಿಶ್ವ ಸಮ್ಮೇಳನ ಹೈದರಾಬಾದಿಗೆ ಹೋಯಿತು. ಇಂಥದ್ದಕ್ಕೆ ಊರನ್ನು ಹೇಗೆ ಆರಿಸುತ್ತಾರೆ? ನೀವು ಅದೇ ಕೆಲಸದಲ್ಲಿ ಇರುವವರಲ್ವಾ? – ಓದುಗರೊಬ್ಬರು, ದಾವಣಗೆರೆ

ಉತ್ತರ: ಹೌದು ಸ್ವಾಮಿ, ಸಮ್ಮೇಳನ ಏರ್ಪಾಡು ಮಾಡುವುದೇ ನನ್ನ ಹೊಟ್ಟೆಪಾಡು. ಜಾಗ ನೋಡಲು ಬರುವ ವಿದೇಶಿ ಸಮಿತಿಯವರನ್ನು ಸುತ್ತಾಡಿಸುವುದೂ ನಾನೇ. ಒಮ್ಮೆ ಬಂದಿದ್ದ ವಯಸ್ಸಾದ ಮೇಡಂ ಒಬ್ಬರು ದೊಡ್ಡ ಹಾಲ್‌ನ ದೀಪಗಳ ಕಡೆ ತಲೆಯೆತ್ತಿಯೂ ನೋಡಲಿಲ್ಲ. ವಾಚ್ ನೋಡಿಕೊಂಡು ಹಾಲ್‌ನಿಂದ ಶೌಚಾಲಯಕ್ಕೆ ನಡೆದರು. ಆಮೇಲೆ ಕೇಳಿದ್ದು ಎರಡೇ: ಅರ್ಧ ಗಂಟೆ ಬಿಡುವಿನಲ್ಲಿ ಸಾವಿರ ಜನಕ್ಕೆ ಕಾಫಿ ಸಿಗುತ್ತಾ? ನೂರು ಜನ ಕೂರುವ ಸಣ್ಣ ಕೋಣೆಗಳು ಎಷ್ಟಿವೆ?

ಹೈದರಾಬಾದಿನ ಎಚ್‌ಐಸಿಸಿ ಎಂಬ ಸಮ್ಮೇಳನ ಕೇಂದ್ರ 2006ರಲ್ಲೇ ಶುರುವಾಗಿತ್ತು. ಪಕ್ಕದಲ್ಲೇ ಹೋಟೆಲ್. ಭಾಷಣ ಕೇಳಿ, ರೂಮಿಗೆ ನಡೆದೇ ಹೋಗಬಹುದು. ನಮ್ಮ ಬೆಂಗಳೂರಿನ ತುಮಕೂರು ರಸ್ತೆಯಲ್ಲಿರುವ ಬಿಐಇಸಿ ಎಂಬ ಪ್ರದರ್ಶನ-ಸಮ್ಮೇಳನ ಕೇಂದ್ರ ತೆರೆದಿದ್ದು 2007ರಲ್ಲಿ, ಅದರ ಹತ್ತಿರದ ಮಾದಾವರಕ್ಕೆ ಮೆಟ್ರೊ ಬಂದಿದ್ದು 2024ರ ಕೊನೆಗೆ. ವಿಮಾನ ನಿಲ್ದಾಣ ಇನ್ನೊಂದು ದಿಕ್ಕಿಗೆ, ದೇವನಹಳ್ಳಿಯಲ್ಲಿ. ನಡುವಿನ ಟ್ರಾಫಿಕ್ ಬಗ್ಗೆ ನಾನು ಹೇಳಬೇಕಾ? ಆಸ್ಟ್ರಿಯಾದ ರಾಜಧಾನಿ ವಿಯೆನ್ನಾದಲ್ಲಿ 1987ರಿಂದ ಇರುವ ಆಸ್ಟ್ರಿಯಾ ಸೆಂಟರ್ ಎಂಬ ಸಮ್ಮೇಳನ ಕೇಂದ್ರಕ್ಕೆ ಊರ ನಡುವಿನಿಂದ ಮೆಟ್ರೊದಲ್ಲಿ ಹತ್ತು ನಿಮಿಷ ಅಷ್ಟೆ. ಆ ಊರಿಗೆ ಸಮ್ಮೇಳನಗಳು ಮತ್ತೆ ಮತ್ತೆ ಬರುವುದಕ್ಕೆ ಅರಮನೆ, ಸಂಗೀತಕ್ಕಿಂತ ಇದೇ ಜಾಸ್ತಿ ಕಾರಣ ಅಂತ ನನ್ನ ಲೆಕ್ಕ.

ಆದರೆ ಹಾಲ್ ಕಟ್ಟಿಬಿಟ್ಟರೆ ಸಮ್ಮೇಳನ ತಾನಾಗಿ ಬರಲ್ಲ. ಆ ಕ್ಷೇತ್ರದ ಸ್ಥಳೀಯ ಪ್ರೊಫೆಸರೋ ಡಾಕ್ಟರೋ ಒಬ್ಬರು ಮೂರು ನಾಲ್ಕು ವರ್ಷ ಮೊದಲೇ 'ನಮ್ಮೂರಿಗೆ ಬನ್ನಿ' ಅಂತ ಕರೆದು, ಬೆನ್ನು ಹತ್ತಬೇಕು. ವೀಸಾಗೆ ಪತ್ರ, ರಿಯಾಯಿತಿ ದರದ ರೂಮುಗಳು, ಸರ್ಕಾರದ ಅನುಮತಿ, ಎಲ್ಲಕ್ಕೂ ಅವರೇ ಓಡಾಡಿದರೆ ವರ್ಷದೊಳಗೆ ಸುಸ್ತು. ಅದಕ್ಕೇ ವಿಯೆನ್ನಾದಂಥ ಊರುಗಳಲ್ಲಿ ಈ ಕೆಲಸಕ್ಕೇ ಒಂದು ಕಚೇರಿ ಇದೆ. ನಮ್ಮಲ್ಲಿ ಬುದ್ಧಿವಂತರಿಗೆ ಬರವಿಲ್ಲ, ಹೀಗೆ ಜೊತೆಗೆ ನಿಲ್ಲುವವರಿಗೆ ಬರ.

ಪ್ರಶ್ನೆ: ಹಾಗಾದರೆ ಮೈಸೂರಿನಂಥ ಊರು ಆಸೆ ಬಿಡಬೇಕಾ? – ಕಾಲೇಜು ಅಧ್ಯಾಪಕಿ, ಮೈಸೂರು

ಉತ್ತರ: ಬಿಡಬೇಡಿ. ಅಂತಾರಾಷ್ಟ್ರೀಯ ಸಮ್ಮೇಳನಗಳ ಲೆಕ್ಕ ಇಡುವ ಐಸಿಸಿಎ ಎಂಬ ಸಂಸ್ಥೆಯ ಪಟ್ಟಿಗೆ 50 ಜನ ಸೇರಿದರೂ ಸಾಕು. ಆದರೆ ಸಮ್ಮೇಳನ ನಿಯಮಿತವಾಗಿ ನಡೆಯಬೇಕು, ಕನಿಷ್ಠ ಮೂರು ದೇಶ ಸುತ್ತುವಂಥದ್ದಾಗಿರಬೇಕು. ಪ್ರತಿ ವರ್ಷ ಒಂದೇ ಊರಲ್ಲಿ ನಡೆಯುವ ಮೇಳ ಎಷ್ಟೇ ದೊಡ್ಡದಿರಲಿ, ಅಲ್ಲಿ ಲೆಕ್ಕಕ್ಕಿಲ್ಲ. ನಿಮ್ಮಲ್ಲಿ ಆಹಾರ ಸಂಶೋಧನೆಯ ಸಿಎಫ್‌ಟಿಆರ್‌ಐ ಇದೆ, ವಾಕ್ ಶ್ರವಣ ಸಂಸ್ಥೆ ಇದೆ. ಆಹಾರ ವಿಜ್ಞಾನ, ಶ್ರವಣ ಚಿಕಿತ್ಸೆಯ ಇನ್ನೂರು ಮುನ್ನೂರು ಜನರ ಸಭೆಗಳನ್ನು ಧೈರ್ಯವಾಗಿ ಕರೆಯಿರಿ. ಕರೆಯುವಾಗ ಅರಮನೆ ಫೋಟೊ ಕೊನೆಯ ಪುಟಕ್ಕೆ ಹಾಕಿ. ಬೆಂಗಳೂರಲ್ಲಿ ಇಳಿದವರು ಮೈಸೂರಿಗೆ ಬರುವುದು ಹೇಗೆ, ಕರೆತರುವವರು ಯಾರು ಅನ್ನುವುದನ್ನು ಮೊದಲ ಪುಟದಲ್ಲೇ ಬರೆಯಿರಿ.