ಪಾನಾ ಹಿಡಿಯುವ ಮುನ್ನ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮಗ ಎಸ್ಸೆಸ್ಸೆಲ್ಸಿ ಮುಗಿಸಿ ಮೆಕ್ಯಾನಿಕ್ ಆಗುತ್ತೇನೆ ಅನ್ನುತ್ತಿದ್ದಾನೆ. ಐಟಿಐಯಲ್ಲಿ ಡೀಸೆಲ್ ಮೆಕ್ಯಾನಿಕ್ ಒಳ್ಳೆಯದೋ, ಮೋಟಾರ್ ವೆಹಿಕಲ್ ಮೆಕ್ಯಾನಿಕ್ಕೋ? ಊರಿನ ಗ್ಯಾರೇಜಿಗೇ ಬಿಟ್ಟರೆ ಸಾಲದೆ?
– ಶನಿವಾರಸಂತೆಯ ತಾಯಿಯೊಬ್ಬರು

ಡೀಸೆಲ್ ಒಂದು ವರ್ಷ, ಹೆಚ್ಚಾಗಿ ಎಂಜಿನ್ ಕೆಲಸ. ಮೋಟಾರ್ ವೆಹಿಕಲ್ ಎರಡು ವರ್ಷ; ಎಂಜಿನ್ ಜೊತೆಗೆ ಬ್ರೇಕ್, ಸ್ಟೇರಿಂಗ್, ವಯರಿಂಗ್ ಎಲ್ಲ ಬರುತ್ತದೆ. ಮನೆಯ ಪರಿಸ್ಥಿತಿ ಎರಡು ವರ್ಷ ತಡೆಯುವುದಾದರೆ ಎರಡನೆಯದಕ್ಕೇ ಸೇರಿಸಿ. ಮುಂದೆ ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಸೇರುವ ದಾರಿ ಇರುವುದೂ ಎರಡು ವರ್ಷದ ಐಟಿಐ ಮುಗಿಸಿದವರಿಗೆ. ಪಾಸಾದ ಮೇಲೆ 1961ರ ಅಪ್ರೆಂಟಿಸ್ ಕಾಯ್ದೆಯಡಿ ಸಾರಿಗೆ ನಿಗಮದ ಡಿಪೋದಲ್ಲೋ ಕಂಪನಿ ಸರ್ವಿಸ್ ಸೆಂಟರಿನಲ್ಲೋ ಸ್ಟೈಪೆಂಡ್ ಪಡೆದು ಕೆಲಸ ಕಲಿಯಬಹುದು.

ಊರಿನ ಗ್ಯಾರೇಜು ಕೈ ಪಳಗಿಸುತ್ತದೆ, ಅದು ಸುಳ್ಳಲ್ಲ. ಆದರೆ ಅಳೆದು ನೋಡುವುದನ್ನು ಅಲ್ಲಿ ಕಲಿಸುವುದು ಕಡಿಮೆ. ಮಳೆಗಾಲದಲ್ಲಿ ಗಾಡಿ ಸ್ಟಾರ್ಟ್ ಆಗದಿದ್ದರೆ ಬ್ಯಾಟರಿ ಬದಲಿಸಿಬಿಡುತ್ತಾರೆ. ವೋಲ್ಟ್ ಅಳೆಯುವ ಮಲ್ಟಿಮೀಟರ್ ಹಿಡಿದವನು ಮೊದಲು ಬ್ಯಾಟರಿ ನೋಡುತ್ತಾನೆ: ನಿಂತಾಗ 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್. ಎಂಜಿನ್ ಓಡುವಾಗ 13.8ರಿಂದ 14.5 ಬರಬೇಕು. ಆಮೇಲೆ ಒಬ್ಬರು ಸೆಲ್ಫ್ ಹೊಡೆಯುತ್ತಿರಲು ಬ್ಯಾಟರಿಯ ನೆಗೆಟಿವ್‌ಗೂ ಎಂಜಿನ್ ಬ್ಲಾಕ್‌ಗೂ ಮೀಟರ್ ಕಡ್ಡಿ ಇಡುತ್ತಾನೆ. 0.2 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ತಪ್ಪು ಬ್ಯಾಟರಿಯದ್ದಲ್ಲ, ಬ್ಯಾಟರಿಯ ನೆಗೆಟಿವ್ ಅನ್ನು ಎಂಜಿನ್ನಿಗೆ ಜೋಡಿಸುವ, ಹಸಿರು ಕಿಲುಬು ಹಿಡಿದ ಅರ್ತ್ ವಯರಿನದ್ದು. ಉಪ್ಪುಕಾಗದದಿಂದ ಉಜ್ಜಿ ಬಿಗಿದರೆ ಕೆಲಸ ಮುಗಿಯಿತು. ರಜೆಯಲ್ಲಿ ಗ್ಯಾರೇಜಿಗೆ ಕಳಿಸಿ, ಬೇಡ ಅನ್ನುತ್ತಿಲ್ಲ.

ಪ್ರಶ್ನೆ: ನಾನು ಟ್ರೈನಿ. ಸಂಪಾಜೆ ಘಾಟಿ ಇಳಿಯುವಾಗ ಬ್ರೇಕ್ ಪೆಡಲ್ ಮೆತ್ತಗಾಗಿ ಕೆಳಗೆ ಹೋಗುತ್ತದೆ, ಅರ್ಧ ಗಂಟೆ ನಿಲ್ಲಿಸಿದರೆ ಸರಿಯಾಗುತ್ತದೆ ಎಂದು ಒಬ್ಬರು ಕಾರು ತಂದಿದ್ದರು. ಹೊಸ ಬ್ರೇಕ್ ಪ್ಯಾಡ್ ಹಾಕಿದರೂ ಹಾಗೇ ಇದೆ.
– ಮಡಿಕೇರಿ

ಪ್ಯಾಡ್ ಕಾದು ಹಿಡಿತ ಬಿಟ್ಟರೆ ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಗಾಡಿ ಮಾತ್ರ ನಿಲ್ಲದು. ನಿಮ್ಮಲ್ಲಿ ಪೆಡಲೇ ಮೆತ್ತಗಾಗಿದೆ ಎಂದರೆ ಬ್ರೇಕ್ ಆಯಿಲ್ ಕುದಿದು ಆವಿಯ ಗುಳ್ಳೆ ಎದ್ದಿದೆ. ಆರಿದಾಗ ಗುಳ್ಳೆ ಕರಗುವುದರಿಂದ ಕೆಳಗೆ ಬಂದು ಪರೀಕ್ಷಿಸಿದರೆ ಎಲ್ಲ ಸರಿ ಕಾಣುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ಶೇ 3.7ರಷ್ಟು ನೀರು ಸೇರಿದರೆ ಆ ಮಿತಿ 155ಕ್ಕೆ ಇಳಿಯುತ್ತದೆ. ನಮ್ಮ ಮಳೆಯಲ್ಲಿ ಎರಡು ವರ್ಷಕ್ಕೊಮ್ಮೆ ಬದಲಿಸಲೇಬೇಕು.

ಸುಮಾರು ಒಂದು ಲೀಟರ್ ಸೀಲ್ ಒಡೆಯದ ಡಬ್ಬ ತನ್ನಿ. ಹೋದ ವರ್ಷ ತೆರೆದಿಟ್ಟ ಅರ್ಧ ಡಬ್ಬ ಬೇಡ, ಅದೂ ತೇವ ಕುಡಿದಿರುತ್ತದೆ. ಮ್ಯಾನ್ಯುಯಲ್ ಬೇರೆ ಹೇಳದಿದ್ದರೆ, ಪೆಡಲ್ ಒತ್ತಿದಾಗ ಆಯಿಲನ್ನು ತಳ್ಳುವ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಶುರು: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ಚಕ್ರದ ಬ್ರೇಕಿನಲ್ಲಿರುವ, ಆಯಿಲ್ ಹೊರಬಿಡುವ ನಿಪ್ಪಲ್‌ಗೆ ಪಾರದರ್ಶಕ ಪೈಪ್ ಸಿಕ್ಕಿಸಿ, ಪೆಡಲ್ ಒತ್ತಿಸಿ ಹಳೇ ಆಯಿಲನ್ನು ಬಾಟಲಿಗೆ ಬಿಡಿ. ಕಂದು ಬಣ್ಣ ಹೋಗಿ ತಿಳಿಯಾಗುವವರೆಗೆ. ಮಾಸ್ಟರ್ ಸಿಲಿಂಡರಿನ ಮೇಲಿನ ಆಯಿಲ್ ಡಬ್ಬಿ ಖಾಲಿಯಾಗಲು ಬಿಡಬೇಡಿ, ಗಾಳಿ ನುಗ್ಗಿದರೆ ಮೊದಲಿನಿಂದ ಶುರು ಮಾಡಬೇಕು. ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಘಟಕದೊಳಗೆ ಗಾಳಿ ಹೋದರೆ ಕೆಲವು ಗಾಡಿಗಳಿಗೆ ಸ್ಕ್ಯಾನರ್ ಇಲ್ಲದೆ ಆಗದು. ಹಳೇ ಕಾರಿನಲ್ಲಿ ಪೆಡಲನ್ನು ತಳಮುಟ್ಟ ಒತ್ತಬೇಡಿ. ಮಾಸ್ಟರ್ ಸಿಲಿಂಡರಿನ ಒಳಗಿನ ವಾಷರ್ ಎಂದೂ ಓಡದ ತುಕ್ಕಿನ ಜಾಗಕ್ಕೆ ಹೋಗಿ ಹರಿಯುತ್ತದೆ.

ಇಷ್ಟಕ್ಕೇ ಬಿಡಬೇಡಿ. ಬ್ರೇಕ್ ಅಷ್ಟು ಬಿಸಿಯಾದದ್ದೇಕೆ? ಬಿಚ್ಚಿದ ಹಳೇ ಪ್ಯಾಡ್ ಇದ್ದರೆ ನೋಡಿ: ಒಳಗಿನದು ಹೊರಗಿನದಕ್ಕಿಂತ ಜಾಸ್ತಿ ಸವೆದಿದ್ದರೆ ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಪಿನ್ ಕೆಸರು-ತುಕ್ಕಿಗೆ ಹಿಡಿದಿರುವ ಸಾಧ್ಯತೆ ಹೆಚ್ಚು, ಪ್ಯಾಡ್ ಸದಾ ಉಜ್ಜುತ್ತಿರುತ್ತದೆ. ಪಿನ್ ಒರೆಸಿ, ರಬ್ಬರಿಗೆ ಹಾನಿಮಾಡದ ಬ್ರೇಕ್ ಗ್ರೀಸನ್ನೇ ಹಚ್ಚಿ. ಡಿಸ್ಕಿನ ಕನಿಷ್ಠ ದಪ್ಪ ಅದರ ಮೇಲೇ ಕೊರೆದಿರುತ್ತದೆ, ಮೈಕ್ರೋಮೀಟರಿನಲ್ಲಿ ಅಳೆಯಿರಿ. ಮಾಲೀಕರಿಗೂ ಒಂದು ಮಾತು ಹೇಳಿ: ಘಾಟಿಯನ್ನು ಎರಡನೇ, ಮೂರನೇ ಗೇರಿನಲ್ಲಿ ಇಳಿಸಿ.

ಪ್ರಶ್ನೆ: ತೋಟದ ಜೀಪಿನ ಹಿಂದಿನ ಹೌಸಿಂಗ್ (ಹಿಂದಿನ ಚಕ್ರಗಳ ನಡುವಿನ ಗೇರ್ ಪೆಟ್ಟಿಗೆ) ಆಯಿಲ್ ಹಾಲು ಹಾಕಿದ ಕಾಫಿಯಂತಾಗಿದೆ. ಸೀಲ್ ಹೊಸದು.
– ಸಿದ್ದಾಪುರ

ನೀರು ಸೇರಿದೆ. ಬಿಸಿಯಾದ ಹೌಸಿಂಗ್ ತೋಡಿನ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ಹೊರಗಿನದನ್ನು ಎಳೆಯುತ್ತದೆ. ಹೌಸಿಂಗ್ ಮೇಲೆ ಗಾಳಿಯಾಡಲು ಇರುವ ಬ್ರೀದರ್ ಕೆಸರು ಕಟ್ಟಿದ್ದರೆ ಸೀಲಿನ ಮೂಲಕ ನೀರನ್ನೇ ಎಳೆದುಕೊಳ್ಳುತ್ತದೆ. ಬ್ರೀದರಿನ ಕೆಸರು ಬಿಡಿಸಿ, ಅದಕ್ಕೆ ರಬ್ಬರ್ ಪೈಪ್ ಹಾಕಿ ಬಾಡಿಯ ಎತ್ತರಕ್ಕೆ ಕಟ್ಟಿ. ಆಯಿಲ್ ಬದಲಿಸಿ, ಒಂದೆರಡು ದಿನ ಓಡಿಸಿ ಮತ್ತೊಮ್ಮೆ ಬದಲಿಸಿ; ಮೊದಲ ಸಲಕ್ಕೆ ಎಲ್ಲ ನೀರೂ ಹೊರಬರುವುದಿಲ್ಲ.

ಪ್ರಶ್ನೆ: ಎಲೆಕ್ಟ್ರಿಕ್ ಕಾರಿನ ಕೆಲಸ ಈಗಲೇ ಕಲಿಯಬೇಕೇ?
– ಗೋಣಿಕೊಪ್ಪ

ಮಲ್ಟಿಮೀಟರ್ ಬಳಕೆ ಸರಿಯಾಗಿ ಬಂದ ಮೇಲೆ. ಹೈ ವೋಲ್ಟೇಜ್ ಹರಿಯುವ ಕಿತ್ತಳೆ ಬಣ್ಣದ ಕೇಬಲನ್ನು ತರಬೇತಿ ಇಲ್ಲದೆ ಮುಟ್ಟಬಾರದು. ಬ್ಯಾಟರಿಯ ಸಂಪರ್ಕ ತಪ್ಪಿಸುವ ಸರ್ವಿಸ್ ಪ್ಲಗ್ ಕಿತ್ತ ಮೇಲೂ ವಿದ್ಯುತ್ ಹಿಡಿದಿಡುವ ಕೆಪ್ಯಾಸಿಟರಿನಲ್ಲಿ ಚಾರ್ಜ್ ಉಳಿದಿರುತ್ತದೆ. ಕಂಪನಿ ಹೇಳಿದಷ್ಟು ನಿಮಿಷ ಕಾದು, ಮೀಟರಿನಲ್ಲಿ ಸೊನ್ನೆ ಕಂಡ ಮೇಲೆಯೇ ಕೈ ಹಾಕಬೇಕು. ಗ್ಲೌಸ್ 1000 ವೋಲ್ಟಿನದ್ದಿರಲಿ. ಪ್ರತಿ ಸಲ ಹಾಕುವ ಮುನ್ನ ಗ್ಲೌಸಿನ ಬಾಯಿ ಸುರುಳಿ ಸುತ್ತಿ ಗಾಳಿ ಕಟ್ಟಿ ಒತ್ತಿ ನೋಡಿ, ಎಲ್ಲಾದರೂ ಗಾಳಿ ಸೋರಿದರೆ ಆ ಗ್ಲೌಸ್ ಕಸಕ್ಕೆ.