ಹಿಮ್ಮಡಿ ನೋವು: ಆ ಎಕ್ಸ್‌ರೇನ ಸ್ವಲ್ಪ ಪಕ್ಕಕ್ಕಿಡಿ

ಪ್ರತಿ ಸಲ ಓದುಗರಿಂದ ಬರೋ ಪ್ರಶ್ನೆಗಳಲ್ಲಿ ಹಿಮ್ಮಡಿ ನೋವಿಂದೇ ಒಂದು ಕಟ್ಟು ಇರತ್ತೆ, ಅದರಲ್ಲೂ ಅದೇ ನಾಲ್ಕೈದು ಪ್ರಶ್ನೆ ತಿರುಗಿ ತಿರುಗಿ. ಫಿಸಿಯೋಥೆರಪಿಸ್ಟ್ ಆಗಿ 19 ವರ್ಷದಿಂದ ಇವನ್ನೇ ಕೇಳಿ ಕೇಳಿ ಬೇಜಾರಾಗಿದೆ. ಈ ಸಲ ಒಂದು ಪ್ರಶ್ನೆಗೆ ಪೂರ್ತಿ ಉತ್ತರ ಬರೀತೀನಿ, ಉಳಿದವಕ್ಕೆ ಎಷ್ಟು ಬೇಕೋ ಅಷ್ಟು.

ನಂಗೆ 47 ವರ್ಷ, ಗಾರ್ಮೆಂಟ್ಸ್‌ನಲ್ಲಿ ಚೆಕಿಂಗ್ ಕೆಲಸ, ದಿನವೆಲ್ಲಾ ನಿಂತೇ ಇರಬೇಕು. ಎಂಟು ತಿಂಗಳಿಂದ ಬೆಳಗ್ಗೆ ಎದ್ದು ಮೊದಲ ಹೆಜ್ಜೆ ಇಟ್ರೆ ಹಿಮ್ಮಡಿಗೆ ಮೊಳೆ ಹೊಡೆದಂಗೆ ಆಗತ್ತೆ. ಎಕ್ಸ್‌ರೇನಲ್ಲಿ ಮೂಳೆ ಬೆಳೆದಿದೆ ಅಂದ್ರು. ಎರಡು ಇಂಜೆಕ್ಷನ್ ಆಯ್ತು, ಎರಡು ಸಲಾನೂ ಒಂದೂವರೆ ತಿಂಗಳು ಚೆನ್ನಾಗಿತ್ತು, ಮತ್ತೆ ಶುರು. ಮೂರನೇದು ಹಾಕಿಸ್ಕೊಳ್ಳಲಾ, ಇಲ್ಲ ಆಪರೇಷನ್ ಮಾಡಿ ಮೂಳೆ ತೆಗೆಸಿಬಿಡಲಾ? — ಓದುಗರೊಬ್ಬರು, ದಾಸರಹಳ್ಳಿ

ನೋಡಿ ಅಮ್ಮ, ಎರಡೂ ಬೇಡ. ಮೂರನೇ ಇಂಜೆಕ್ಷನ್ನಂತೂ ಬೇಡವೇ ಬೇಡ.

ಹಿಮ್ಮಡಿ ಮೂಳೆಯಿಂದ ಕೊಕ್ಕೆ ಥರ ಮುಂದಕ್ಕೆ ಚಾಚಿರೋದನ್ನ ತೋರಿಸಿ ಮೂಳೆ ಬೆಳೆದಿದೆ ಅಂತ ಒಂದು ಮಾತು ಹೇಳಿ ಕಳಿಸ್ತಾರೆ, ಕೇಳಿದವರ ತಲೇಲಿ ಒಳಗೆ ಮುಳ್ಳು ಚುಚ್ತಿದೆ ಅನ್ನೋ ಚಿತ್ರ ಕೂತ್ಬಿಡತ್ತೆ, ಆಮೇಲೆ ಅದನ್ನ ಕಿತ್ತು ಹಾಕೋ ಮಾತು ಬಿಟ್ಟು ಬೇರೇದೇನೂ ಕಿವಿಗೆ ಹೋಗಲ್ಲ. ಒಂದು ದಿನಾನೂ ಹಿಮ್ಮಡಿ ನೋಯದೇ ಇರೋ ಎಷ್ಟೋ ಜನಕ್ಕೆ ಇದೇ ಕೊಕ್ಕೆ ಇರತ್ತೆ. ನಿಮ್ಮ ಚೆನ್ನಾಗಿರೋ ಕಾಲಲ್ಲೂ ಇರಬಹುದು. ನೋವು ಪೂರ್ತಿ ವಾಸಿಯಾದ ಮೇಲೂ ಅದು ಅಲ್ಲೇ ಇರತ್ತೆ, ಏನೂ ಮಾಡಲ್ಲ.

ನೋಯ್ತಿರೋದು ಪ್ಲಾಂಟಾರ್ ಫೇಶಿಯಾ ಅನ್ನೋ ಪಟ್ಟಿ. ಕೂತ್ಕೊಂಡು ಹೆಬ್ಬೆರಳನ್ನ ಕೈಯಿಂದ ಮೇಲಕ್ಕೆ ಬಗ್ಗಿಸಿ ನೋಡಿ, ಅಂಗಾಲಲ್ಲಿ ಹಗ್ಗದ ಥರ ಏನೋ ಬಿಗಿಯಾಗತ್ತೆ, ಪಾದದ ಕಮಾನು ತಾನಾಗೇ ಮೇಲೇಳತ್ತೆ. ಅದೇ ಅದು. ಹಿಮ್ಮಡಿ ಮೂಳೆಯಿಂದ ಬೆರಳುಗಳ ಬುಡದವರೆಗೂ ಹೋಗತ್ತೆ, ಬೆರಳು ಮೇಲಕ್ಕೆ ಬಗ್ಗಿದಾಗ ರಾಟೆಗೆ ಹಗ್ಗ ಸುತ್ತಿದಂಗೆ ಎಳೆಯತ್ತೆ, ಇದನ್ನ 1954ರಲ್ಲೇ ಹಿಕ್ಸ್ ಅನ್ನೋರು ವಿವರಿಸಿದ್ದಾರೆ. ನಿದ್ದೆ ಮಾಡುವಾಗ ಪಾದ ಕೆಳಕ್ಕೆ ಬಾಗಿರತ್ತೆ, ಪಟ್ಟಿ ಸಡಿಲವಾಗಿ ಆರಾಮಾಗಿರತ್ತೆ, ಬೆಳಗ್ಗೆ ನೀವು ಎದ್ದ ತಕ್ಷಣ ಇಡೀ ಮೈ ಭಾರ ಅದರ ಮೇಲೆ ಹಾಕ್ತೀರ, ಅದಕ್ಕೇ ಮೊದಲ ಹೆಜ್ಜೇಲಿ ಜೀವ ಹೋಗೋದು, ಹತ್ತು ಹೆಜ್ಜೆ ಆದ್ಮೇಲೆ ಸ್ವಲ್ಪ ಸಲೀಸಾಗೋದು.

ಇನ್ನೊಂದು ಗೊತ್ತಿರಲಿ. ಈ ತೊಂದರೆಗೆ ಪ್ಲಾಂಟಾರ್ ಫೇಶಿಐಟಿಸ್ ಅಂತಾರೆ, ಹೆಸರಲ್ಲಿ 'ಐಟಿಸ್' ಇದೆ ಅಂತ ಎಲ್ರೂ ಇದನ್ನ ಊತ, ಉರಿಯೂತ ಅಂದ್ಕೊಂಡು ಮಾತ್ರೆ ಕೊಡ್ತಾರೆ. 2003ರಲ್ಲಿ ಅಮೆರಿಕದಲ್ಲಿ ಇಂಥ 50 ಕೇಸ್‌ಗಳ ಆಪರೇಷನ್ ಮಾಡಿ ತೆಗೆದ ತುಣುಕು ಪರೀಕ್ಷೆ ಮಾಡಿ ನೋಡಿದ್ರೆ ಉರಿಯೂತ ಸಿಗಲಿಲ್ಲ, ಸಿಕ್ಕಿದ್ದು ಎಳೆಗಳ ಸವೆತ. ನವೆದಿರೋ ಹಗ್ಗಕ್ಕೆ ಮಾತ್ರೆ ಕೊಟ್ಟರೆ ಹಗ್ಗ ಗಟ್ಟಿಯಾಗಲ್ಲ. ಸ್ಟೆರಾಯ್ಡ್ ಇಂಜೆಕ್ಷನ್ ಕೆಲವು ವಾರ ನೋವು ಇಳಿಸತ್ತೆ, ಅದು ನಿಜ, ನಿಮಗೂ ಅದೇ ಆಗಿದೆ. ಆದ್ರೆ ಮೇಲಿಂದ ಮೇಲೆ ಹಾಕಿಸ್ತಿದ್ರೆ ಪಟ್ಟಿ ಹರಿಯೋ ಅಪಾಯ ಇದೆ, ಹಿಮ್ಮಡಿ ಕೆಳಗಿರೋ ಕೊಬ್ಬಿನ ಮೆತ್ತೆ ತೆಳ್ಳಗಾಗೋ ಅಪಾಯಾನೂ ಇದೆ. ನನ್ನ ಹತ್ರ ಒಬ್ರು ಬಂದಿದ್ರು, ಮೂರನೇ ಇಂಜೆಕ್ಷನ್ ಆಗಿ ಎರಡು ವಾರಕ್ಕೆ ಬಸ್ ಹಿಡಿಯೋಕೆ ಓಡಿದಾರೆ, ಅಂಗಾಲಲ್ಲಿ ಟಪ್ ಅಂತು, ಕಪ್ಪಗಾಗಿ ಊದ್ಕೊಳ್ತು, ಕಮಾನು ಕುಸೀತು. ಅವತ್ತಿಂದ ಈ ವಿಷಯದಲ್ಲಿ ನಾನು ಅತಿಯಾಗೇ ಹೆದರ್ತೀನಿ ಅಂತ ಬೇರೆ ಡಾಕ್ಟ್ರುಗಳು ಹೇಳ್ತಾರೆ. ಹೇಳಲಿ.

ಈಗ ಮಾಡಬೇಕಾದ್ದು. ಬೆಳಗ್ಗೆ ಕಾಲು ನೆಲಕ್ಕೆ ಇಡೋಕೆ ಮುಂಚೆ, ಹಾಸಿಗೆ ಮೇಲೇ, ನೋಯೋ ಕಾಲನ್ನ ಇನ್ನೊಂದು ಮಂಡಿ ಮೇಲೆ ಇಟ್ಕೊಂಡು ಬೆರಳುಗಳನ್ನ ಕೈಯಿಂದ ಹಿಂದಕ್ಕೆ, ಕಣಕಾಲ ಕಡೆಗೆ ಎಳೀರಿ, ಹತ್ತು ಎಣಿಸೋವರೆಗೂ ಹಿಡೀರಿ, ಹೀಗೆ ಹತ್ತು ಸಲ. ಹಗಲಲ್ಲಿ ಇನ್ನೂ ಎರಡು ಸರ್ತಿ, ಕೂತಿದ್ದು ಏಳೋಕೆ ಮುಂಚೆ ಮಾಡಿದ್ರೆ ಒಳ್ಳೇದು.

ಅದಕ್ಕಿಂತ ಮುಖ್ಯವಾದದ್ದು ಹಗ್ಗಕ್ಕೆ ಬಲ ತುಂಬೋದು, ಇದನ್ನ ಯಾರೂ ಮಾಡಲ್ಲ. ಮನೆ ಮೆಟ್ಟಿಲ ಅಂಚಲ್ಲಿ ಗೋಡೆ ಹಿಡ್ಕೊಂಡು ನಿಂತ್ಕೊಳ್ಳಿ, ಟವೆಲ್ ಸುತ್ತಿ ಬೆರಳುಗಳ ಕೆಳಗೆ ಇಡಿ, ಬೆರಳು ಮೇಲಕ್ಕೆ ಬಗ್ಗಿರಬೇಕು, ಆಗಲೇ ಆ ಪಟ್ಟಿಗೆ ಕೆಲಸ ಬೀಳೋದು. ಒಂದೇ ಕಾಲ ಮೇಲೆ ಮೂರು ಸೆಕೆಂಡ್ ತಗೊಂಡು ಹಿಮ್ಮಡಿ ಎತ್ತಿ, ಎರಡು ಸೆಕೆಂಡ್ ನಿಲ್ಲಿ, ಮೂರು ಸೆಕೆಂಡ್ ತಗೊಂಡು ಇಳೀರಿ. ಹನ್ನೆರಡು ಸಲ, ಮೂರು ಸುತ್ತು, ದಿನ ಬಿಟ್ಟು ದಿನ. ಒಂದು ಕಾಲಲ್ಲಿ ಆಗ್ಲಿಲ್ಲ ಅಂದ್ರೆ ಎರಡೂ ಕಾಲಲ್ಲಿ ಶುರು ಮಾಡಿ. ಸುಲಭ ಆಗ್ತಾ ಬಂದಂಗೆ ಬೆನ್ನಿಗೆ ಮಕ್ಕಳ ಸ್ಕೂಲ್ ಬ್ಯಾಗ್ ಹಾಕ್ಕೊಂಡು ಅದರಲ್ಲಿ ಪುಸ್ತಕ ತುಂಬಿ. ಇದು ನಾನು ಕಂಡುಹಿಡಿದಿದ್ದಲ್ಲ, ಡೆನ್ಮಾರ್ಕ್‌ನಲ್ಲಿ ರಾಥ್ಲೆಫ್ ಅನ್ನೋರ ತಂಡ 48 ಜನರನ್ನ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಪುಸ್ತಕದ ಬ್ಯಾಗ್ ಹಾಕಿಸಿಯೇ ಮಾಡಿಸಿ ನೋಡಿದ್ದು, ಮೂರು ತಿಂಗಳಿಗೆ ಬರೀ ಸ್ಟ್ರೆಚಿಂಗ್ ಮಾಡಿದವರಿಗಿಂತ ಇವರು ಚೆನ್ನಾಗಿದ್ರು. ಒಂದು ವರ್ಷಕ್ಕೆ ಎರಡೂ ಗುಂಪು ಹೆಚ್ಚುಕಮ್ಮಿ ಒಂದೇ, ಅದನ್ನೂ ಹೇಳಿಬಿಡ್ತೀನಿ. ಆದ್ರೆ ನಿಂತು ದುಡಿಯೋರಿಗೆ ಬೇಗ ಆರಾಮಾಗೋದು ಸಣ್ಣ ವಿಷಯ ಅಲ್ಲ. ಮಾಡುವಾಗ ಸ್ವಲ್ಪ ನೋವು ಇದ್ರೆ ಪರವಾಗಿಲ್ಲ, ಮಾರನೇ ದಿನ ಬೆಳಗ್ಗೆ ಜಾಸ್ತಿಯಾಗಿದ್ರೆ ಮಾತ್ರ ಕಮ್ಮಿ ಮಾಡಿ, ನಿಲ್ಲಿಸಬೇಡಿ.

ಮನೆ ಒಳಗೆ ಚಪ್ಪಲಿ. ಇಲ್ಲಿ ಎಲ್ರೂ ಮುಖ ಸಿಂಡರಿಸ್ತಾರೆ ನಂಗೊತ್ತು. ಹಿಂದೆ ಮಣ್ಣಿನ ನೆಲ ಇತ್ತು, ಈಗ ಎಲ್ಲಾ ಗ್ರಾನೈಟು, ಟೈಲ್ಸು, ಆರು ಗಂಟೆ ಅಡುಗೆ ಮನೇಲಿ ಬರಿಗಾಲಲ್ಲಿ ನಿಂತು ಹಿಮ್ಮಡಿ ವಾಸಿಯಾಗಲಿ ಅಂದ್ರೆ ಹೇಗೆ? ಒಂದು ಜೊತೆ ಎಂಸಿಆರ್, ಅಂದ್ರೆ ಮೆತ್ತಗಿನ ರಬ್ಬರ್ ಚಪ್ಪಲಿ ಮನೆ ಒಳಗೆ ಮಾತ್ರ ಅಂತ ಇಟ್ಕೊಳ್ಳಿ, ಹೊರಗೆ ಹಾಕ್ಬೇಡಿ, ದೇವರ ಮನೆ ಬಾಗಿಲಲ್ಲಿ ಬಿಡಿ. ಅತ್ತೆ ಏನಾದ್ರೂ ಅಂದ್ರೆ ಈ ಬರಹ ಓದಿ ಹೇಳಿ. ಫ್ಯಾಕ್ಟರೀಲಿ ನಿಲ್ಲೋ ಜಾಗಕ್ಕೆ ದಪ್ಪ ರಬ್ಬರ್ ಮ್ಯಾಟ್ ಕೇಳಿ, ಸೂಪರ್‌ವೈಸರ್ ಕೊಡ್ಲಿಲ್ಲ ಅಂದ್ರೆ ಡಾಕ್ಟ್ರ ಹತ್ರ ಚೀಟಿ ಬರೆಸ್ಕೊಂಡು ಹೋಗಿ ಕೇಳಿ, ಅದು ನಿಮ್ಮ ಹಕ್ಕು ಅಂದ್ಕೊಂಡೇ ಕೇಳಿ.

ಮುಕ್ಕಾಲು ಪಾಲಿಗಿಂತ ಹೆಚ್ಚು ಜನ ಒಂದು ವರ್ಷದೊಳಗೆ ಆಪರೇಷನ್ ಇಲ್ದೇ ವಾಸಿಯಾಗ್ತಾರೆ. ನಿಮಗೆ ಎಂಟು ತಿಂಗಳಾಗಿದೆ ನಿಜ, ಆದ್ರೆ ಆ ಎಂಟು ತಿಂಗಳಲ್ಲಿ ಒಂದು ದಿನಾನೂ ವ್ಯಾಯಾಮ ಮಾಡಿಸಿಲ್ಲ ನಿಮಗೆ ಯಾರೂ. ಇವತ್ತಿಂದ ಮೂರು ತಿಂಗಳು ಲೆಕ್ಕ ಇಟ್ಟು ಮಾಡಿ, ಆಮೇಲೆ ಬರೀರಿ.

ಯೂರಿಕ್ ಆಸಿಡ್ ಸ್ವಲ್ಪ ಜಾಸ್ತಿ ಇದೆ, ಅದಕ್ಕೇ ಹಿಮ್ಮಡಿ ನೋವಾ? ಬೇಳೆ ಬಿಟ್ಟಿದೀನಿ.

ಬೇಳೆ ತಿನ್ನಿ. ಯೂರಿಕ್ ಆಸಿಡ್‌ನಿಂದ ಬರೋ ಗೌಟ್ ಅನ್ನೋ ಕೀಲುನೋವು ಸಾಮಾನ್ಯವಾಗಿ ಕಾಲಿನ ಹೆಬ್ಬೆರಳಿನ ಕೀಲಿಗೆ ಬರತ್ತೆ, ಬೆಳಗಿನ ಮೊದಲ ಹೆಜ್ಜೆ ನೋವು ಅದರದ್ದಲ್ಲ.

ಉಬ್ಬು ಉಬ್ಬು ಇರೋ ಅಕ್ಯುಪ್ರೆಶರ್ ಚಪ್ಪಲಿ ಒಳ್ಳೇದಾ?

ಇಲ್ಲ.

ಇಟ್ಟಿಗೆ ಕಾಯಿಸಿ ಎಕ್ಕದ ಎಲೆ ಇಟ್ಟು ಹಿಮ್ಮಡಿ ಒತ್ತಿದ್ರೆ ಮೂಳೆ ಕರಗತ್ತಂತೆ. ಅಪ್ಪನಿಗೆ ಶುಗರ್ ಇದೆ, ಮಾಡಿಸಬಹುದಾ?

ಖಂಡಿತಾ ಬೇಡ. ಮೂಳೆ ಯಾವ ಎಲೆಗೂ ಕರಗಲ್ಲ. ಶುಗರ್ ಇರೋ ಎಷ್ಟೋ ಜನಕ್ಕೆ ಪಾದದ ಸ್ಪರ್ಶ ಕಮ್ಮಿಯಾಗಿರತ್ತೆ, ಸುಡ್ತಿರೋದು ಗೊತ್ತೇ ಆಗಲ್ಲ, ಹಾಗೆ ಬೆಂದ ಹಿಮ್ಮಡಿ ಗಾಯ ತಿಂಗಳಾನುಗಟ್ಟಲೆ ಮಾಯದೇ ಕೂತಿದ್ದನ್ನ ನಾನು ಕಣ್ಣಾರೆ ನೋಡಿದೀನಿ. ಎಕ್ಕದ ಹಾಲು ಕಣ್ಣಿಗೆ ತಾಗಿದ್ರೆ ಅದು ಬೇರೆ ಅನಾಹುತ. ಇದನ್ನ ವಾಟ್ಸಾಪಲ್ಲಿ ಕಳಿಸೋರಿಗೆ ದಯವಿಟ್ಟು ಬೈದು ಹೇಳಿ.

ಮ್ಯಾರಥಾನ್‌ಗೆ ಟ್ರೈನಿಂಗ್ ಶುರು ಮಾಡಿದೀನಿ, ಓಡ್ತಾ ಓಡ್ತಾ ಹಿಮ್ಮಡಿ ನೋವು ಜಾಸ್ತಿಯಾಗ್ತಾ ಹೋಗತ್ತೆ.

ಹಿಮ್ಮಡಿನ ಎರಡೂ ಪಕ್ಕದಿಂದ ಅಂಗೈಯಲ್ಲಿ ಒತ್ತಿ. ಜೋರಾಗಿ ನೋವಾದ್ರೆ ಓಟ ನಿಲ್ಲಿಸಿ, ಮೂಳೇಲಿ ಸ್ಟ್ರೆಸ್ ಫ್ರಾಕ್ಚರ್, ಅಂದ್ರೆ ಪದೇ ಪದೇ ಹೊಡೆತಕ್ಕೆ ಬೀಳೋ ಸಣ್ಣ ಬಿರುಕು ಇದ್ಯಾ ಅಂತ ತೋರಿಸಿ. ಮಾಮೂಲಿ ಎಕ್ಸ್‌ರೇನಲ್ಲಿ ಶುರುವಲ್ಲಿ ಕಾಣದೇ ಇರಬಹುದು.

ವಯಸ್ಸು 26, ಐಟಿ ಕೆಲಸ. ಎರಡೂ ಹಿಮ್ಮಡಿ ನೋವು, ಬೆಳಗ್ಗೆ ಸೊಂಟಾನೂ ಒಂದು ಗಂಟೆ ಹಿಡ್ಕೊಂಡಿರತ್ತೆ, ಓಡಾಡಿದ್ರೆ ಸರಿಯಾಗತ್ತೆ. ಶೂ ಬದಲಾಯಿಸಲಾ?

ಶೂ ಆಮೇಲೆ. ಇದು ಬರೀ ಪಾದದ ತೊಂದರೆ ಥರ ಕಾಣ್ತಿಲ್ಲ, ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್, ಅಂದ್ರೆ ಬೆನ್ನುಮೂಳೆ ಕೀಲುಗಳಿಗೆ ಉರಿಯೂತ ಬರೋ ಕಾಯಿಲೆ ಥರದ್ದು ಇದ್ರೂ ಹೀಗೇ ಶುರುವಾಗತ್ತೆ. ಈ ವಾರಾನೇ ರುಮಟಾಲಜಿಸ್ಟ್, ಅಂದ್ರೆ ಕೀಲುವಾತದ ಡಾಕ್ಟ್ರ ಹತ್ರ ಹೋಗಿ, ಹಿಮ್ಮಡಿ ಜೊತೆ ಸೊಂಟದ ವಿಷಯಾನೂ ಮರೀದೆ ಹೇಳಿ, ಮನೇಲಿ ಯಾರಿಗಾದ್ರೂ ಸೋರಿಯಾಸಿಸ್ ಇಲ್ಲ ಬೆನ್ನು ಬಾಗೋ ಕಾಯಿಲೆ ಇತ್ತಾ ಅಂತ ಅಮ್ಮನ್ನ ಕೇಳಿಕೊಂಡು ಹೋಗಿ.